ಮುಚ್ಚಿದ ವಿಮಾನ ಕಂಪನಿ, ಟ್ರಂಕಿನಲ್ಲಿ ಉಳಿದ ಕಾಗದ: ಬಳ್ಳಾರಿ, ರಾಯಚೂರು, ಕೊಪ್ಪಳದ ಹಳೆಯ ಸಿಬ್ಬಂದಿಗೆ ಒಂದು ಕೋರಿಕೆ

ಕೌಲ್‌ಬಜಾರ್ ನಿವಾಸಿ, ಬಳ್ಳಾರಿ

ಯುಗಾದಿಗೆ ಸುಣ್ಣ ಬಳಿಸಬೇಕೆಂದು ಅಟ್ಟ ಖಾಲಿ ಮಾಡಿಸಿದಾಗ ನನ್ನ ಹಳೆಯ ತಗಡಿನ ಟ್ರಂಕು ಕೆಳಗಿಳಿಯಿತು. ಹಳೆಯ ಸೀರೆಗಳಿರಬಹುದು ಎಂದುಕೊಂಡು ಬೀಗ ಒಡೆಸಿದರೆ ಒಳಗೆ ಏರ್ ಡೆಕ್ಕನ್. ಎರಡು ಅಂಗೈಗಳು ಹಕ್ಕಿಯ ಹಾಗೆ ರೆಕ್ಕೆ ಬಿಚ್ಚಿದ ಲಾಂಛನವಿರುವ ಗುರುತಿನ ಚೀಟಿ, ವಿಮಾನದ ತೂಕದ ಲೆಕ್ಕ ಹಾಕುವ ಟ್ರಿಮ್ ಶೀಟುಗಳ ಅರ್ಧ ಪುಸ್ತಕ, ಒಂದು ಟೋಪಿ, ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಎಟಿಆರ್ ಎಂಬ ಸಣ್ಣ ಫಂಕಾ ವಿಮಾನದ ಮುಂದೆ ನಿಂತು ತೆಗೆಸಿಕೊಂಡ ಗುಂಪು ಭಾವಚಿತ್ರ.

ಆ ಕಂಪನಿಯ ಮೊದಲ ವಿಮಾನ 2003ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಿಂದ ಹಾರಿ ಇಳಿದದ್ದು ಹುಬ್ಬಳ್ಳಿಯಲ್ಲಿ. ನಾನು ಮರುವರ್ಷ ಅಲ್ಲಿ ಕೌಂಟರಿಗೆ ಸೇರಿದೆ. ಬಳ್ಳಾರಿಯ ಹುಡುಗಿ, ಅಲ್ಲಿಯವರೆಗೆ ವಿಮಾನವನ್ನು ಆಕಾಶದಲ್ಲಿ ಮಾತ್ರ ನೋಡಿದವಳು. ಮುಂದೆ ಹೈದರಾಬಾದಿನ ಬೇಗಂಪೇಟೆಗೆ ವರ್ಗವಾಯಿತು. 2008ರಲ್ಲಿ ಕಂಪನಿಯ ಹೆಸರು ಕಿಂಗ್‌ಫಿಷರ್ ರೆಡ್ ಎಂದಾದ ಹೊತ್ತಿಗೆ ಮದುವೆಯಾಗಿ ಊರಿಗೆ ಮರಳಿದ್ದೆ. 2012ರಲ್ಲಿ ಕಿಂಗ್‌ಫಿಷರ್ ಕೂಡ ನಿಂತಿತು.

ಭಾವಚಿತ್ರದಲ್ಲಿ 11 ಜನ ಇದ್ದೇವೆ. ಏಳು ಹೆಸರು ನೆನಪಿವೆ. ಉಳಿದ ನಾಲ್ವರ ನಗು ನೆನಪಿದೆ, ಅವರ ಬುತ್ತಿಯಲ್ಲಿ ಏನಿರುತ್ತಿತ್ತು ಎಂಬುದೂ ನೆನಪಿದೆ, ಹೆಸರು ಮಾತ್ರ ಬಾಯಿಗೆ ಬರುತ್ತಿಲ್ಲ. ಮಳೆಯಲ್ಲಿ ಬೆಳಗಿನ ಜಾವ ನನ್ನ ಪಕ್ಕದಲ್ಲೇ ನಿಂತು ದುಡಿದವರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ, ಬೇರೆಯವರು ಮಾಡದಿರಲಿ. ನಾನು ಮೊದಲ ಸಲ ವಿಮಾನ ಹತ್ತಿದ ದಿನದ ಬೋರ್ಡಿಂಗ್ ಪಾಸ್ ಆ ಟ್ರಂಕಿನಲ್ಲಿತ್ತು. ಅಕ್ಷರ ಮಸುಕಾಗಿತ್ತು, ಆದರೂ ಓದಲು ಬರುತ್ತಿತ್ತು. ಭದ್ರವಾಗಿರಲಿ ಎಂದು ಲ್ಯಾಮಿನೇಷನ್ ಮಾಡಿಸಲು ಕೊಟ್ಟೆ. ಯಂತ್ರದ ಒಂದು ಬದಿಯಿಂದ ಒಳಗೆ ಹೋದದ್ದು ಇನ್ನೊಂದು ಬದಿಯಿಂದ ಇದ್ದಲಿನಂತೆ ಕಪ್ಪಾಗಿ ಹೊರಬಂತು. ಅದು ಶಾಖಕ್ಕೆ ಬಣ್ಣ ತಿರುಗುವ ಕಾಗದವೆಂದು ನನಗೆ ಗೊತ್ತಿರಲಿಲ್ಲ. ಅಂಗಡಿಯ ಹುಡುಗ ಪಾಪ, ಹಣ ಬೇಡವೆಂದ. ಹಣದ ಮಾತಲ್ಲ ಅದು.

ಈ ಮೂರು ಜಿಲ್ಲೆಗಳಲ್ಲಿ ಮುಚ್ಚಿಹೋದ ಯಾವುದೇ ವಿಮಾನ ಕಂಪನಿಯಲ್ಲಿ ದುಡಿದವರು ಇದ್ದರೆ ದಯವಿಟ್ಟು ಇಲ್ಲಿ ಬರೆಯಿರಿ. ಏರ್ ಡೆಕ್ಕನ್ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಅವರ ಸಾಹಸದ ಕಥೆ ನಾಡಿಗೇ ಗೊತ್ತಿದೆ, ಅದು ಉಳಿದಿದೆ, ಉಳಿಯುತ್ತದೆ. ಸಣ್ಣ ಊರಿನ ನಿಲ್ದಾಣದಲ್ಲಿ ಆ ಸಾಹಸವನ್ನು ದಿನಾ ನೆಲಕ್ಕಿಳಿಸಿ ಮತ್ತೆ ಮೇಲಕ್ಕೆ ಕಳುಹಿಸುತ್ತಿದ್ದವರ ಕೆಲಸ ಎಲ್ಲಿಯೂ ಬರೆದಿಟ್ಟಿಲ್ಲ. ಚೀಲ ಹೊತ್ತವರು, ವಿಮಾನ ಉರುಳದಂತೆ ಗಾಲಿಗೆ ಬೆಣೆ ಇಟ್ಟವರು, ತೂಕದ ಲೆಕ್ಕ ಹಾಕಿದವರು. ಅದನ್ನು ನಾವೇ ಬರೆದಿಡಬೇಕು.

ಎಟಿಆರ್ ತಂತ್ರಜ್ಞ, ಸಂಡೂರು

ಅಕ್ಕಾ, ನಮಸ್ಕಾರ. ನಾನು ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣದಲ್ಲಿ ಅದೇ ಕಂಪನಿಯ ಎಟಿಆರ್ ವಿಮಾನಗಳ ನಿರ್ವಹಣೆಯಲ್ಲಿದ್ದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ನಿಲ್ದಾಣ ಶುರುವಾಗಿ ನಮ್ಮ ಹಳೆಯ ಅಂಗಳ ಬಣಗುಟ್ಟಿದ್ದನ್ನು ಕಣ್ಣಾರೆ ಕಂಡವನು.

ಬೆಣೆ ಎಂದು ನೀವು ಬರೆದದ್ದನ್ನು ಓದಿ ಕಣ್ಣು ತುಂಬಿತು. ನಮ್ಮ ಲೋಡರ್‌ಗಳೂ ಚಾಕ್ ಎನ್ನುತ್ತಿರಲಿಲ್ಲ, ಬೆಣೆ ಎನ್ನುತ್ತಿದ್ದರು. ಟೇಲ್ ಪ್ರಾಪ್ ಅವರ ಬಾಯಲ್ಲಿ ಊರುಗೋಲು. ಓದುತ್ತಿರುವ ಹೊರಗಿನವರಿಗಾಗಿ ವಿವರಿಸುತ್ತೇನೆ. ಎಟಿಆರ್‌ನಲ್ಲಿ ಪ್ರಯಾಣಿಕರು ಹತ್ತುವ ಬಾಗಿಲು ಎಡಬದಿಯಲ್ಲಿ ಹಿಂದೆ, ಸರಕಿನ ಬಾಗಿಲು ಮುಂದೆ. ಜನ ಒಮ್ಮೆಗೇ ಹಿಂದಿನ ಮೆಟ್ಟಿಲಿನ ಕಡೆ ಸೇರಿದರೆ ಬಾಲ ಭಾರವಾಗಿ ಮೂತಿ ಎದ್ದುಬಿಡಬಹುದು. ಅದಕ್ಕಾಗಿ ಬಾಲದ ಕೆಳಗೆ ಆ ಕೋಲನ್ನು ಊರಿ ನಿಲ್ಲಿಸುತ್ತೇವೆ. ಹೊರಡುವ ಮುನ್ನ ಅದನ್ನು ತೆಗೆದವನು ಎದುರಿಗೆ ಬಂದು ಪೈಲಟ್‌ಗೆ ಕಾಣುವಂತೆ ಎತ್ತಿ ತೋರಿಸಬೇಕು. ನಮ್ಮಲ್ಲಿ ಹಾಗೆ ರೂಢಿ ಇತ್ತು.

ಇನ್ನೊಂದು ಸಂಗತಿ. ದೊಡ್ಡ ಜೆಟ್‌ಗಳಿಗೆ ನೆಲದ ಮೇಲೆ ವಿದ್ಯುತ್ತು ಮತ್ತು ತಂಪು ಗಾಳಿ ಕೊಡಲು ಬಾಲದಲ್ಲಿ ಪ್ರತ್ಯೇಕ ಸಣ್ಣ ಎಂಜಿನ್ ಇರುತ್ತದೆ. ಎಟಿಆರ್‌ಗೆ ಅದಿಲ್ಲ. ಬಲಗಡೆಯ ಎಂಜಿನ್ ಓಡುತ್ತಲೇ ಇರುತ್ತದೆ, ಅದರ ಫಂಕಾಗೆ ಮಾತ್ರ ಬ್ರೇಕ್ ಹಾಕಿ ನಿಲ್ಲಿಸಿರುತ್ತಾರೆ. ಇದಕ್ಕೆ ಹೋಟೆಲ್ ಮೋಡ್ ಎಂದು ಹೆಸರು. ವಿದ್ಯುತ್ತಿನ ಗಾಡಿ, ತಂಪುಗಾಳಿಯ ಗಾಡಿ ಎಂದು ಏನೂ ಇಲ್ಲದ ಸಣ್ಣ ನಿಲ್ದಾಣಕ್ಕೂ ಈ ವಿಮಾನ ಹೋಗಲು ಸಾಧ್ಯವಾದದ್ದು ಈ ಬಗೆಯ ಅನುಕೂಲಗಳಿಂದ. ಒಂದು ಬದಿಯಲ್ಲಿ ಎಂಜಿನ್ ಕಿವಿಗಡಚಿಕ್ಕುವಂತೆ ಓಡುತ್ತಿರುವಾಗ ಇನ್ನೊಂದು ಬದಿಯಲ್ಲಿ ಅಜ್ಜಿಯೊಬ್ಬರ ಕೈ ಹಿಡಿದು ಮೆಟ್ಟಿಲು ಹತ್ತಿಸುವುದು: ನಮ್ಮ ಕೆಲಸ ಅಂದರೆ ಅದೇ ಆಗಿತ್ತು.

ನನ್ನ ಹತ್ತಿರ ಕೆಂಪು ಪಟ್ಟಿ ಒಂದಿದೆ, ಹಾರುವ ಮುನ್ನ ತೆಗೆಯಬೇಕೆಂದು ಇಂಗ್ಲಿಷಿನಲ್ಲಿ ಬರೆದದ್ದು. ಜೊತೆಗೆ ಒಂದು 200 ಪುಟದ ನೋಟ್‌ಬುಕ್. ಅದರ ಕೊನೆಯ ಪುಟಗಳಲ್ಲಿ ಲೋಡರ್‌ಗಳ ಇಂಥ ಮಾತುಗಳನ್ನು ಗೀಚಿಕೊಂಡಿದ್ದೆ. ಈ ಭಾನುವಾರವೇ ಹುಡುಕುತ್ತೇನೆ.

ಕೊಪ್ಪಳದ ಪ್ರಯಾಣಿಕ

ನಾನು ಸಿಬ್ಬಂದಿಯಲ್ಲ, ಆದರೂ ಬರೆಯಬಹುದೇ? ಕೊಪ್ಪಳದಿಂದ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಅಪ್ಪನನ್ನು ಬೆಂಗಳೂರಿಗೆ ಕರೆದೊಯ್ದದ್ದು ಆ ವಿಮಾನದಲ್ಲೇ. ಟಿಕೆಟ್ ಪೆಟ್ರೋಲ್ ಬಂಕಿನಲ್ಲಿ ಸಿಗುತ್ತದೆ ಎಂದಾಗ ಅಪ್ಪ ನಂಬಲಿಲ್ಲ. ಆಸನಕ್ಕೆ ಸಂಖ್ಯೆ ಇರಲಿಲ್ಲ, ಮೊದಲು ಹತ್ತಿದವರಿಗೆ ಕಿಟಕಿ. ಅಪ್ಪ ಹೊಸ ಪಂಚೆ ಉಟ್ಟಿದ್ದರು, ಬೇಗ ನಡೆಯಲಾಗಲಿಲ್ಲ. ಒಬ್ಬ ಹುಡುಗ ಅವರ ಕೈಚೀಲ ತೆಗೆದುಕೊಂಡು ಮುಂದೆ ಹೋಗಿ ಕಿಟಕಿಯ ಪಕ್ಕ ಇಟ್ಟು ಬಂದ. ಬಂದವರನ್ನೆಲ್ಲ ಬೇರೆಡೆ ಕೂರಿಸಿ ಆ ಜಾಗ ಕಾಯ್ದವಳು ಒಳಗಿದ್ದ ಗಗನಸಖಿ. ತುಂಗಭದ್ರೆಯ ಹಿನ್ನೀರು ಕಾಣಿಸುತ್ತದೆಯೇ ಎಂದು ಅಪ್ಪ ದಾರಿಯುದ್ದಕ್ಕೂ ಕೆಳಗೆ ನೋಡುತ್ತಲೇ ಇದ್ದರು. ಅವರು ಈಗಿಲ್ಲ. ಆ ಹುಡುಗ ಯಾರೆಂದು ಗೊತ್ತಾದರೆ ಒಂದು ಮಾತು ಹೇಳಬೇಕು.

ಕೌಲ್‌ಬಜಾರ್ ನಿವಾಸಿ, ಬಳ್ಳಾರಿ

ನೀವು ಖಂಡಿತ ಬರೆಯಬೇಕು. ಆಸನ ಸಂಖ್ಯೆ ಇಲ್ಲದ್ದರಿಂದ ನಮಗೆ ಇನ್ನೊಂದು ಕೆಲಸ ಇರುತ್ತಿತ್ತು. 48 ಆಸನದ ವಿಮಾನದಲ್ಲಿ ಇಪ್ಪತ್ತೇ ಜನ ಇದ್ದ ದಿನ ಎಲ್ಲರೂ ಹಿಂದೆಯೇ ಕುಳಿತುಬಿಟ್ಟರೆ ತೂಕದ ಲೆಕ್ಕ ತಪ್ಪುತ್ತದೆ. ಮುಂದೆ ಎಷ್ಟು ಜನ, ನಡುವೆ ಎಷ್ಟು, ಹಿಂದೆ ಎಷ್ಟು ಎಂದು ಗಗನಸಖಿ ಎಣಿಸಿ ಹೇಳುತ್ತಿದ್ದಳು. ಟ್ರಿಮ್ ಶೀಟ್ ಎಂದರೆ ಅದೇ. ಜನರ ತೂಕ, ಚೀಲಗಳ ತೂಕ, ಇಂಧನ, ಎಲ್ಲವನ್ನೂ ಒಂದೊಂದು ಗೆರೆಯಾಗಿ ಎಳೆಯುತ್ತ ಕೆಳಗೆ ಬಂದರೆ ಕೊನೆಯ ಚುಕ್ಕೆ ಹಾಳೆಯ ಮೇಲಿನ ಚೌಕಟ್ಟಿನ ಒಳಗೇ ಬೀಳಬೇಕು. ಹೊರಗೆ ಬಿದ್ದರೆ ಯಾರನ್ನಾದರೂ ಎಬ್ಬಿಸಿ ಮುಂದೆ ಕೂರಿಸಬೇಕು. ನನ್ನ ಟ್ರಂಕಿನಲ್ಲಿರುವ ಪುಸ್ತಕದ ಒಂದು ಹಾಳೆಯಲ್ಲಿ ಆ ಚುಕ್ಕೆಯನ್ನು ಮೂರು ಸಲ ಅಳಿಸಿ ತಿದ್ದಿದ ಗುರುತಿದೆ. ಅಳಿಸಿದವಳು ನಾನು. ಪೆನ್ಸಿಲಿನ ತುದಿ ಒತ್ತಿದ ಗುಳಿ ಬೆರಳಿಗೆ ಈಗಲೂ ಸಿಗುತ್ತದೆ.

ಮೊಮ್ಮಗ, ರಾಯಚೂರು

ಇಲ್ಲಿ ಡೆಕ್ಕನ್ ಎಂಬ ಹೆಸರು ನೋಡಿ ನಮ್ಮ ಮನೆಯ ಪೆಟ್ಟಿಗೆಯ ಮಾತು ಹೇಳಲು ಬಂದೆ. ಇದು ಬೇರೆ ಕಂಪನಿ, ನಿಮ್ಮದಕ್ಕಿಂತ ಬಹಳ ಹಿಂದಿನದು. ನನ್ನ ಅಜ್ಜ ಬೇಗಂಪೇಟೆಯಲ್ಲಿ ಡೆಕ್ಕನ್ ಏರ್‌ವೇಸ್‌ನ ವರ್ಕ್‌ಶಾಪಿನಲ್ಲಿ ಸಹಾಯಕರಾಗಿದ್ದರು. ಆಗ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ನಮ್ಮವರು ಕೆಲಸ ಹುಡುಕಿಕೊಂಡು ಹೋಗುತ್ತಿದ್ದದ್ದು ಹೈದರಾಬಾದಿಗೇ.

ನಿಜಾಮರ ಸರ್ಕಾರ ಮತ್ತು ಟಾಟಾ ಸೇರಿ 1945ರಲ್ಲಿ ಕಟ್ಟಿದ ಕಂಪನಿ ಅದು. ಯುದ್ಧ ಮುಗಿದ ಮೇಲೆ ಸೇನೆ ಬಿಟ್ಟುಹೋದ ಡಕೋಟ ವಿಮಾನಗಳ ಕಾಲ. ದೇಶದ ಮೊದಲ ಮಹಿಳಾ ವಾಣಿಜ್ಯ ಪೈಲಟ್ ಪ್ರೇಮ್ ಮಾಥುರ್ ಅವರಿಗೆ ಕೆಲಸ ಕೊಟ್ಟದ್ದು ಇದೇ ಕಂಪನಿ. ಬೇರೆ ಕಂಪನಿಗಳು ಹೆಣ್ಣು ಎಂಬ ಕಾರಣಕ್ಕೆ ಹಿಂಜರಿದಿದ್ದವು. ಅವರು 1949ರಲ್ಲಿ ರಾಷ್ಟ್ರೀಯ ವೈಮಾನಿಕ ಓಟವನ್ನೂ ಗೆದ್ದರು. ಪೈಲಟ್ ಅಮ್ಮನ ವಿಮಾನ ಎಂದು ಅಜ್ಜ ಹೇಳುತ್ತಿದ್ದದ್ದು ಅವರ ಬಗ್ಗೆಯೇ ಇರಬೇಕೆಂದು ನಮಗೆ ತಿಳಿದದ್ದು ಅಜ್ಜ ತೀರಿಕೊಂಡ ಮೇಲೆ. ಆಗ ಕೇಳಿ ಬರೆದುಕೊಂಡಿದ್ದರೆ!

1953ರ ಆಗಸ್ಟ್ 1ರಂದು ಎಂಟು ಕಂಪನಿಗಳನ್ನು ಒಂದುಗೂಡಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿದರು. ಡೆಕ್ಕನ್ ಏರ್‌ವೇಸ್ ಅದರಲ್ಲಿ ಕರಗಿತು. ಆ ಇಂಡಿಯನ್ ಏರ್‌ಲೈನ್ಸ್ 2007ರಲ್ಲಿ ಏರ್ ಇಂಡಿಯಾದಲ್ಲಿ ಸೇರಿತು, 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಕೈಗೆ ಮರಳಿತು. ನದಿ ನದಿಯನ್ನು ಸೇರಿದ ಹಾಗೆ. ಅಜ್ಜನ ಹೆಸರು ಯಾವ ಕಡತದಲ್ಲಿ ಉಳಿದಿದೆಯೋ.

ಪೆಟ್ಟಿಗೆಯಲ್ಲಿ ಒಂದು ಹಿತ್ತಾಳೆಯ ಬಿಲ್ಲೆ ಇದೆ, ಸಂಖ್ಯೆ ಕೊರೆದದ್ದು. ಜೊತೆಗೆ ಮಡಚಿದ ಎರಡು ಕಾಗದ, ಉರ್ದುವಿನಲ್ಲಿ ಕೈಬರಹ. ನಮ್ಮ ಮನೆಯಲ್ಲಿ ಈಗ ಉರ್ದು ಓದಬಲ್ಲವರು ಯಾರೂ ಇಲ್ಲ. ಮಡಿಕೆಗಳಲ್ಲಿ ಕಾಗದ ಹರಿಯತೊಡಗಿದೆ. ಏನು ಮಾಡಲಿ?

ಗ್ರಂಥಪಾಲಕಿ, ಬಳ್ಳಾರಿ

ಮೊಮ್ಮಗ ಅವರೇ, ಆ ಕಾಗದಗಳನ್ನು ದಯವಿಟ್ಟು ಬಲವಂತವಾಗಿ ಬಿಡಿಸಬೇಡಿ, ಸೆಲ್ಲೋಟೇಪ್ ಅಂತೂ ಹಚ್ಚಲೇಬೇಡಿ. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗಿ ಅಕ್ಷರವನ್ನೇ ನುಂಗುತ್ತದೆ. ಬಿಚ್ಚಿಕೊಂಡಷ್ಟನ್ನೇ ಹಗಲು ಬೆಳಕಿನಲ್ಲಿ, ಬಿಸಿಲು ನೇರವಾಗಿ ಬೀಳದ ಕಡೆ ಇಟ್ಟು ಚಿತ್ರ ತೆಗೆಯಿರಿ. ಉರ್ದು ಓದುವವರು ರಾಯಚೂರಿನಲ್ಲಿ ಕಡಿಮೆಯೇನಿಲ್ಲ. ನಿಮ್ಮ ಬಡಾವಣೆಯ ಉರ್ದು ಶಾಲೆಯ ನಿವೃತ್ತ ಮೇಷ್ಟ್ರನ್ನು ವಿಚಾರಿಸಿ, ಸಂಜೆಯೊಂದರಲ್ಲಿ ಓದಿ ಕೊಡುತ್ತಾರೆ.

ಅಕ್ಕಾ, ನಿಮ್ಮ ಬೋರ್ಡಿಂಗ್ ಪಾಸಿನ ಸಂಕಟ ಓದಿ ನನಗೂ ಸಂಕಟವಾಯಿತು. ಆ ಬಗೆಯ ಕಾಗದಕ್ಕೆ ಶಾಯಿ ಇರುವುದಿಲ್ಲ, ಕಾಗದದ ಮೇಲಿನ ಲೇಪವೇ ಬಿಸಿ ತಾಗಿದ ಕಡೆ ಕಪ್ಪಾಗುತ್ತದೆ. ಆದ್ದರಿಂದ ಬಿಸಿ ತಾಗಿದರೆ ಪೂರ್ತಿ ಕಪ್ಪು, ಬೆಳಕಿಗೆ ಇಟ್ಟರೆ ಪೂರ್ತಿ ಬಿಳಿ. ಅಗ್ಗದ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೂ ಅಕ್ಷರ ಹಾರಿಹೋಗುತ್ತದೆ. ಹೀಗಾಗಿ ಅದನ್ನು ಉಳಿಸುವ ದಾರಿ ಒಂದೇ, ಇವತ್ತೇ ಸ್ಕ್ಯಾನ್ ಮಾಡುವುದು, ಕನಿಷ್ಠ 300 ಡಿಪಿಐನಲ್ಲಿ. ನಮ್ಮ ಬಳ್ಳಾರಿಯ ಬೇಸಿಗೆಯಲ್ಲಿ ತಗಡಿನ ಟ್ರಂಕು ಅಟ್ಟದ ಮೇಲೆ ಕುಳಿತರೆ ಒಳಗೆ ಒಲೆಯೇ. ಟ್ರಂಕನ್ನು ಕೆಳಗಿನ ಕೋಣೆಗೆ ತನ್ನಿ, ಹೊರಗೋಡೆಗೆ ತಾಗದಂತೆ ಇಡಿ. ಟೋಪಿ ಮತ್ತು ಸಮವಸ್ತ್ರವನ್ನು ಗಂಜಿ ಹೋಗುವಂತೆ ತೊಳೆದು ಒಣಗಿಸಿ, ತೊಳೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ವರ್ಷಕ್ಕೊಮ್ಮೆ ತೆಗೆದು ಮಡಿಕೆ ಬದಲಿಸಿ. ಹುಳುವಿಗೆ ನಮ್ಮ ಹಿರಿಯರು ತಾಳೆಗರಿಯ ಕಟ್ಟುಗಳ ಜೊತೆ ಬಜೆ ಇಡುತ್ತಿದ್ದರು, ಅದು ಸಾಕು, ಆದರೆ ಕಾಗದಕ್ಕೆ ತಾಗದಿರಲಿ. ಭಾವಚಿತ್ರದ ಹಿಂದೆ ಬಾಲ್‌ಪೆನ್ನಿನಿಂದ ಬರೆಯಬೇಡಿ, ಒತ್ತು ಮುಂದಕ್ಕೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲಿನಲ್ಲಿ, ಅಂಚಿನಲ್ಲಿ ಬರೆಯಿರಿ.

ಒಂದು ಎಚ್ಚರಿಕೆಯ ಮಾತು. ನಿಮ್ಮಲ್ಲಿ ಯಾರ ಬಳಿಯಾದರೂ ಪ್ರಯಾಣಿಕರ ಪಟ್ಟಿ ಇದ್ದರೆ ಅದನ್ನು ಹಾಗೆಯೇ ಎಲ್ಲರ ಮುಂದೆ ಹಾಕಬೇಡಿ. ಹೆಸರು, ಫೋನ್ ಸಂಖ್ಯೆ ಅವರವರ ಸ್ವಂತದ್ದು.

ಇದನ್ನು ಹಳೆಯ ಸಿಬ್ಬಂದಿಯೇ ಮಾಡಿ ತೋರಿಸಿದ ಉದಾಹರಣೆಗಳಿವೆ. ಅಮೆರಿಕದ ವಿಮಾನ ಕಂಪನಿ ಪ್ಯಾನ್ ಆಮ್ 1991ರ ಡಿಸೆಂಬರ್ 4ರಂದು ನಿಂತಿತು. ಅದರ ಕಾಗದಪತ್ರ ಮಿಯಾಮಿ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿತು, ನ್ಯೂಯಾರ್ಕ್ ಬಳಿ ಅದರ ಹೆಸರಿನಲ್ಲೇ ವಸ್ತುಸಂಗ್ರಹಾಲಯ ಇದೆ. ಅಲ್ಲಿಯದೇ ಇನ್ನೊಂದು ವಿಮಾನ ಕಂಪನಿ ಟಿಡಬ್ಲ್ಯೂಎಯ ವಸ್ತುಸಂಗ್ರಹಾಲಯ ಕನ್ಸಾಸ್ ಸಿಟಿಯಲ್ಲಿದೆ, ಅಲ್ಲಿ ಬಂದವರಿಗೆ ವಿವರಿಸುವವರಲ್ಲಿ ಆ ಕಂಪನಿಯಲ್ಲೇ ದುಡಿದ ಹಿರಿಯರಿದ್ದಾರೆ. ಅಷ್ಟು ದೊಡ್ಡದು ನಮಗೆ ಬೇಕಿಲ್ಲ. ಸಂಗನಕಲ್ಲಿನ ಗುಡ್ಡದಲ್ಲಿ ಸಿಕ್ಕ ಕಲ್ಲಿನ ಕೊಡಲಿಗಳನ್ನು ಜತನ ಮಾಡಿ ಜನರಿಗೆ ತೋರಿಸುವ ಊರು ನಮ್ಮದು. ಟ್ರಿಮ್ ಶೀಟಿಗೆ ಒಂದು ಕಪಾಟು ಸಿಗದೇ?

ಹೊಸ ತಲೆಮಾರು, ಸಿರುಗುಪ್ಪ

ಹಿರಿಯರ ಮನಸ್ಸು ನೋಯಿಸುವ ಉದ್ದೇಶ ನನಗಿಲ್ಲ, ಆದರೆ ನನ್ನ ಪ್ರಶ್ನೆ ನಿಜವಾದದ್ದು. ಒಂದು ರೂಪಾಯಿಗೆ ಟಿಕೆಟ್ ಕೊಟ್ಟ ಕಂಪನಿ ನಷ್ಟದಲ್ಲಿ ಸಿಕ್ಕಿ 2007ರಲ್ಲಿ ಇನ್ನೊಬ್ಬರ ಕೈಗೆ ಹೋಯಿತು. ಸೋತ ವ್ಯಾಪಾರವನ್ನು ಪರಂಪರೆ ಎಂದು ಕರೆಯಬಹುದೇ? ಹತ್ತಿ ಮಿಲ್ಲುಗಳು ಮುಚ್ಚಿದವು, ಜೀನ್ಸ್ ಹೊಲಿಯುವ ಎಷ್ಟೋ ಘಟಕಗಳು ಮುಚ್ಚಿದವು. ಅವರ ಕಾಗದ ಯಾರು ಉಳಿಸುತ್ತಾರೆ?

ಕೌಲ್‌ಬಜಾರ್ ನಿವಾಸಿ, ಬಳ್ಳಾರಿ

ನಿಮ್ಮ ಪ್ರಶ್ನೆಯಿಂದ ನನಗೆ ನೋವಾಗಿಲ್ಲ ತಮ್ಮಾ. ನಷ್ಟದ ಲೆಕ್ಕವೂ ಸಂಗ್ರಹದಲ್ಲಿ ಇರಲಿ, ಬಚ್ಚಿಡುವುದು ಬೇಡ. ಅಗ್ಗದ ಟಿಕೆಟ್ ಹೇಗೆ ಸಾಧ್ಯವಾಯಿತು, ಎಲ್ಲಿ ಎಡವಿತು ಎಂಬುದನ್ನು ತಿಳಿಯಬೇಕಾದವರು ನಿಮ್ಮ ವಯಸ್ಸಿನವರೇ. ಆದರೆ ವ್ಯಾಪಾರ ಸೋತಿತು ಎಂದಮಾತ್ರಕ್ಕೆ ಕೆಲಸ ಸೋತಿತು ಎಂದಲ್ಲ. ಏಳೆಂಟು ವರ್ಷ ಬಾಳದ ಕಂಪನಿ 60ಕ್ಕೂ ಹೆಚ್ಚು ಊರುಗಳಿಗೆ ವಿಮಾನ ಕಳುಹಿಸಿತು. ಸಾಮಾನ್ಯ ಮನುಷ್ಯನ ಗುರುತಾಗಿ ಆರ್. ಕೆ. ಲಕ್ಷ್ಮಣ್ ಬಿಡಿಸಿದ ಪಂಚೆಯ ಮುದುಕನನ್ನು ತನ್ನ ಮುಖ ಮಾಡಿಕೊಂಡಿತು. ನಾನು ಕೌಂಟರಿನಲ್ಲಿ ಕುಳಿತು ಆ ಪಂಚೆಯ ಮುದುಕರು ಒಬ್ಬೊಬ್ಬರಾಗಿ ನಿಜವಾಗಿ ಬಂದದ್ದನ್ನು ನೋಡಿದ್ದೇನೆ. ಮೇಲೆ ಕೊಪ್ಪಳದವರು ಬರೆದದ್ದು ಅಂಥ ಒಬ್ಬರ ಬಗ್ಗೆಯೇ.

ಜೀನ್ಸ್ ಘಟಕಗಳ ಮಾತು ಸರಿ. ಅದಕ್ಕೆ ನೀವು ಒಂದು ಚರ್ಚೆ ಶುರು ಮಾಡಿ, ನನ್ನ ತಂಗಿ ಹತ್ತು ವರ್ಷ ಕೌಲ್‌ಬಜಾರಿನಲ್ಲಿ ಕಾಜಾ ಹಾಕಿದವಳು, ಅವಳನ್ನು ಕರೆತಂದು ಬರೆಸುತ್ತೇನೆ.

ಹಳೆಯ ಅಂಚೆಯವರು, ಬಳ್ಳಾರಿ ಕೋಟೆ

ವಿಮಾನಕ್ಕೂ ಬಳ್ಳಾರಿಗೂ ನಂಟು ನಿನ್ನೆಯದಲ್ಲ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಅಂಚೆ ಹೊತ್ತು ಹಾರಿದರು ಎಂದು ಎಲ್ಲರೂ ಹೇಳುತ್ತಾರೆ. ಕಥೆಯ ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. ಮುಂಬಯಿಯಿಂದ ಮುಂದೆ ನೆವಿಲ್ ವಿನ್ಸೆಂಟ್ ಅದೇ ಅಂಚೆಯನ್ನು ಹೊತ್ತು ಮದ್ರಾಸಿಗೆ ಹಾರಿದರು, ನಡುವಿನ ನಿಲುಗಡೆ ಬಳ್ಳಾರಿ. ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನ. ನಮ್ಮ ಊರಿನಲ್ಲಿ ಆ ವಿಮಾನಕ್ಕೆ ಪೆಟ್ರೋಲ್ ಸುರಿದವರು ಯಾರು, ಅಂಚೆ ಚೀಲ ಹೊತ್ತವರು ಯಾರು? ನಾನು ಅಂಚೆ ಇಲಾಖೆಯಲ್ಲಿ 34 ವರ್ಷ ದುಡಿದವನು, ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ಕಾಲದ ಅಂಚೆ ಮುದ್ರೆಯಿರುವ ಲಕೋಟೆ ಯಾರ ಮನೆಯಲ್ಲಾದರೂ ಇದ್ದರೆ ತಿಳಿಸಿ, ನಾನೇ ಬಂದು ನೋಡುತ್ತೇನೆ, ಕೇಳುವುದಿಲ್ಲ, ನೋಡಿ ಬರೆದುಕೊಂಡು ಹೋಗುತ್ತೇನೆ.

ತೋರಣಗಲ್ಲು ನೆಲಸಿಬ್ಬಂದಿ

ನಾನು ಟ್ರೂಜೆಟ್‌ನವನು. ನಿಮ್ಮೆಲ್ಲರಿಗಿಂತ ಕಿರಿಯ, ನಮ್ಮ ಕಂಪನಿ ನಿಂತದ್ದು 2022ರ ಫೆಬ್ರವರಿಯಲ್ಲಿ. 2017ರಲ್ಲಿ, ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ ಹೈದರಾಬಾದಿನಿಂದ ವಿದ್ಯಾನಗರಕ್ಕೆ, ಅಂದರೆ ನಮ್ಮ ತೋರಣಗಲ್ಲಿಗೆ, ಎಟಿಆರ್ ಬರತೊಡಗಿದಾಗ ಸೇರಿದೆ. ಉಕ್ಕಿನ ಕಾರ್ಖಾನೆಯ ಚಿಮಣಿಗಳ ಕಡೆಯಿಂದ ವಿಮಾನ ತಿರುಗಿ ರನ್‌ವೇಗೆ ನೇರವಾಗುವುದನ್ನು ನೋಡುವುದೇ ಒಂದು ಸೊಗಸು.

ನಿಮ್ಮ ಬಳಿ ಟ್ರಂಕು ಇದೆ ಅಕ್ಕಾ, ನಮ್ಮ ಬಳಿ ಅದೂ ಇಲ್ಲ. ನಮ್ಮದೆಲ್ಲ ಮೊಬೈಲಿನಲ್ಲಿತ್ತು. ಡ್ಯೂಟಿ ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ, ಭಾವಚಿತ್ರ ವಾಟ್ಸ್‌ಆ್ಯಪ್‌ನಲ್ಲಿ, ಬೀಳ್ಕೊಡುಗೆಯ ಮಾತುಗಳೂ ಅಲ್ಲೇ. ಹಳೆಯ ಫೋನು ನೀರಿಗೆ ಬಿದ್ದಾಗ ನನ್ನ ನಾಲ್ಕು ವರ್ಷ ಅದರ ಜೊತೆ ಹೋಯಿತು. ಈ ಚರ್ಚೆ ಓದಿದ ಮೇಲೆ ನಿನ್ನೆ ರಾತ್ರಿ ಹಳೆಯ ಸಹೋದ್ಯೋಗಿಗಳಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಆರು ಜನರಿಂದ 140 ಚಿತ್ರ ಬಂದಿವೆ. ಪೆನ್‌ಡ್ರೈವ್ ಒಂದರಲ್ಲಿ ಮಾತ್ರ ಇಡಬಾರದೆಂದು ಎರಡು ಕಡೆ ಇಟ್ಟಿದ್ದೇನೆ. ಯಾವ ಚಿತ್ರ ಯಾವ ದಿನದ್ದು, ಯಾರು ಯಾರಿದ್ದಾರೆ ಎಂದು ಒಂದು ಹಾಳೆಯಲ್ಲಿ ಬರೆಯಲು ಶುರು ಮಾಡಿದ್ದೇನೆ. ನಮ್ಮಲ್ಲಿ ಎಲ್ಲರಿಗೂ ಎಲ್ಲರ ಹೆಸರೂ ಇನ್ನೂ ನೆನಪಿದೆ.

ಎಟಿಆರ್ ತಂತ್ರಜ್ಞ, ಸಂಡೂರು

ನೋಟ್‌ಬುಕ್ ಸಿಕ್ಕಿತು! ಒಂದು ಮೂಲೆಯನ್ನು ಗೆದ್ದಲು ತಿಂದಿದೆ, ಕೊನೆಯ ಪುಟಗಳು ಉಳಿದಿವೆ. ಅಕ್ಕಾ, ನೀವು ಹಾಕಿದ ಭಾವಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಬಲಗಡೆಯಿಂದ ಎರಡನೆಯವರು, ಕತ್ತಿಗೆ ಟವೆಲ್ ಸುತ್ತಿಕೊಂಡವರು, ಹುಬ್ಬಳ್ಳಿಗೆ ಬರುವ ಮುನ್ನ ನಮ್ಮಲ್ಲಿ ಆರು ತಿಂಗಳು ಇದ್ದರು. ಊರುಗೋಲು ಎಂಬ ಮಾತು ನಾನು ಕೇಳಿದ್ದೇ ಅವರ ಬಾಯಲ್ಲಿ, ಪುಸ್ತಕದಲ್ಲಿ ಅವರ ಹೆಸರಿನ ಮುಂದೆಯೇ ಬರೆದಿದ್ದೇನೆ. ಗದಗಿನ ಕಡೆಯವರು. ಹೆಸರನ್ನು ನಿಮಗೆ ಖಾಸಗಿಯಾಗಿ ಕಳುಹಿಸಿದ್ದೇನೆ. ಅವರ ಪಕ್ಕದಲ್ಲಿರುವ ಹುಡುಗನೂ ಗೊತ್ತು, ಈಗ ಗಂಗಾವತಿಯಲ್ಲಿ ಅಕ್ಕಿ ಗಿರಣಿಯಲ್ಲಿದ್ದಾನೆ, ನಾಳೆ ಫೋನ್ ಮಾಡುತ್ತೇನೆ.

ಕೌಲ್‌ಬಜಾರ್ ನಿವಾಸಿ, ಬಳ್ಳಾರಿ

ಓದಿದ ಕೂಡಲೇ ನೆನಪಾಯಿತು, ಹೌದು, ಅವರೇ! ಗಂಗಾವತಿಯ ಹುಡುಗನ ಜೊತೆ ಈಗ ತಾನೇ ಮಾತನಾಡಿದೆ. ಮೂರನೆಯವರ ಹೆಸರನ್ನು ಅವನೇ ಹೇಳಿದ. ಕೊಪ್ಪಳದ ಅಣ್ಣಾ, ನಿಮ್ಮ ತಂದೆಯ ಮಾತನ್ನೂ ಅವನಿಗೆ ತಿಳಿಸಿದೆ. ಹಿರಿಯರ ಕೈಚೀಲ ಮುಂದೆ ಹೋಗಿ ಇಟ್ಟು ಬರುವುದು ತನ್ನ ದಿನದ ಕೆಲಸವೇ ಆಗಿತ್ತು, ಯಾರದೆಂದು ಹೇಗೆ ಹೇಳಲಿ ಎಂದ. ನಿಮ್ಮ ಜೊತೆ ಮಾತನಾಡುತ್ತಾನಂತೆ.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆಯಲ್ಲಿ ಸೇರೋಣ, ಗ್ರಂಥಪಾಲಕಿ ಮೇಡಂ ಸ್ಕ್ಯಾನರ್ ತರುತ್ತಾರೆ. ರಾಯಚೂರಿನವರು ಕಾಗದ ಬಿಚ್ಚದೆ ಹಾಗೆಯೇ ತನ್ನಿ. ಮಧ್ಯಾಹ್ನದ ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ ನಮ್ಮಲ್ಲೇ.

ಭಾವಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಹತ್ತು ಹೆಸರು ಬರೆದೆ. ಎಡತುದಿಯಲ್ಲಿ ನಿಂತವರೊಬ್ಬರು ಉಳಿದಿದ್ದಾರೆ. ಎತ್ತರದ ಮೈಕಟ್ಟು, ಎಡ ಕೈಯಲ್ಲಿ ಉದ್ದದ ಟಾರ್ಚ್, ಅಂಗಿಯ ಜೇಬಿನಲ್ಲಿ ಬಾಚಣಿಗೆ. ಲಗೇಜಿನ ಟ್ರ್ಯಾಕ್ಟರ್ ಓಡಿಸುತ್ತಿದ್ದರು, ಬೆಳಗಿನ ಮೊದಲ ವಿಮಾನಕ್ಕೆ ಎಂದೂ ತಡವಾಗಿ ಬಂದವರಲ್ಲ. 2005ರಲ್ಲಿ ಹುಬ್ಬಳ್ಳಿಯಲ್ಲಿ ಇದ್ದವರು ಯಾರಾದರೂ ಗುರುತಿಸಿದರೆ, ಯಾವ ಹೊತ್ತಿನಲ್ಲಾದರೂ ಸರಿ, ತಿಳಿಸಿ.